ಪರದೆಯ ಹಿಂದಿನ ಎರಡನೇ ಹಾಳೆ

ಕಂಪ್ಯೂಟರಿನಲ್ಲಿ ಸಿನಿಮಾ ಅಥವಾ ಕ್ರಿಕೆಟ್ ನೋಡುವವರಿಗೆ ಈ ಅನುಭವ ಹೊಸದಲ್ಲ. ರೈಲೊಂದು ಪರದೆಯ ಮೇಲೆ ಎಡದಿಂದ ಬಲಕ್ಕೆ ಓಡುತ್ತಿರುತ್ತದೆ. ಇದ್ದಕ್ಕಿದ್ದಂತೆ ಚಿತ್ರದ ನಡುವೆ ಕತ್ತರಿ ಆಡಿಸಿದಂತಾಗುತ್ತದೆ. ಬೋಗಿಯ ಮೇಲಿನ ಅರ್ಧ ಮುಂದೆ ಹೋಗಿರುತ್ತದೆ, ಗಾಲಿಗಳಿರುವ ಕೆಳಗಿನ ಅರ್ಧ ಹಿಂದೆಯೇ ಉಳಿದಿರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವೂ ಸರಿಹೋಗುತ್ತದೆ. ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಅದೇ. ನಾವು ಇಂಟರ್‌ನೆಟ್ಟನ್ನೋ ಸಿ.ಡಿ.ಯನ್ನೋ ದೂರುತ್ತೇವೆ. ಆದರೆ ತಪ್ಪು ಅವೆರಡರದ್ದೂ ಅಲ್ಲ. ಕಾಗದ ಹರಿದಂತೆ ಚಿತ್ರ ಹರಿಯುವ ಈ ದೋಷಕ್ಕೆ ತಂತ್ರಜ್ಞರು 'ಟೇರಿಂಗ್' ಎನ್ನುತ್ತಾರೆ.

ಈ ದೋಷದ ಬೇರು ಇರುವುದು ಇಂದಿನ ತೆಳುವಾದ ಪರದೆಯಲ್ಲಲ್ಲ, ನಮ್ಮ ಮನೆಗಳಿಂದ ಈಗ ಕಾಣೆಯಾಗಿರುವ ದಪ್ಪ ಗಾಜಿನ ಪಿಕ್ಚರ್ ಟ್ಯೂಬಿನಲ್ಲಿ. ಭಾರತದಲ್ಲಿ ಆ ಟ್ಯೂಬುಗಳು ತಯಾರಾದ ಸ್ಥಳಗಳಲ್ಲೊಂದು ಬೆಂಗಳೂರಿನ ಉತ್ತರ ಭಾಗ, ಯಶವಂತಪುರ ದಾಟಿದರೆ ಸಿಗುವ ಜಾಲಹಳ್ಳಿ. ಬೆಂಗಳೂರಿನ ಕಂಪ್ಯೂಟರ್ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸಾಫ್ಟ್‌ವೇರ್ ಕಂಪೆನಿಗಳಿಂದ ಆರಂಭಿಸುತ್ತಾರೆ. ಆದರೆ ಪರದೆಯ ಕಡೆಯಿಂದ ನೋಡಿದರೆ ಆ ಚರಿತ್ರೆ ಇನ್ನೂ ಹಿಂದಕ್ಕೆ, ಜಾಲಹಳ್ಳಿಯ ಕಾರ್ಖಾನೆಗೆ ಹೋಗುತ್ತದೆ. ನಮ್ಮ ಲಿಪಿ ಕಂಪ್ಯೂಟರಿಗೆ ಬಂದ ಕಷ್ಟದ ಕತೆಯೂ ಅದರೊಳಗೇ ಇದೆ.

ಬದಲಾಗುವಾಗ ಕತ್ತಲು

ಚಲಿಸುವ ಚಿತ್ರವೆಂಬುದು ಕಣ್ಣಿನ ನಿಧಾನಗತಿಯ ಮೇಲೆ ನಿಂತಿರುವ ವ್ಯವಸ್ಥೆ. ಕಣ್ಣಿಗೆ ನೋಡಲು ಕಾಲ ಬೇಕು ಎಂಬ ಅರಿವು ಹಳೆಯದು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಹನ್ನೊಂದನೆಯ ಶತಮಾನದ ಆರಂಭದಲ್ಲಿ ಬರೆದ 'ಕಿತಾಬುಲ್ ಮನಾಝಿರ್' ಗ್ರಂಥದಲ್ಲಿ ಬುಗುರಿಯ ಉದಾಹರಣೆ ಕೊಡುತ್ತಾನೆ. ಹಲವು ಬಣ್ಣ ಬಳಿದ ಬುಗುರಿ ವೇಗವಾಗಿ ತಿರುಗಿದಾಗ ಬಣ್ಣಗಳು ಬೇರೆ ಬೇರೆಯಾಗಿ ಕಾಣದೆ ಒಂದೇ ಬಣ್ಣವಾಗಿ ಕಾಣುತ್ತವೆ. ಆದ್ದರಿಂದ ಬಣ್ಣವನ್ನು ಗುರುತಿಸಲು ಕಣ್ಣಿಗೆ ಒಂದಿಷ್ಟು ಕಾಲ ಬೇಕೇ ಬೇಕು ಎಂಬುದು ಅವನ ತೀರ್ಮಾನ.

ಸಿನಿಮಾ ಇದನ್ನೇ ಬಳಸಿಕೊಂಡಿತು. ಮಾತು ಬಂದ ಮೇಲೆ ಸೆಕೆಂಡಿಗೆ 24 ಚಿತ್ರಗಳೆಂಬುದು ಖಾಯಂ ಆಯಿತು. 1934ರಲ್ಲಿ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ಬರುವ ಹೊತ್ತಿಗೆ ಇದು ಜಗತ್ತಿನ ರೂಢಿಯಾಗಿತ್ತು. ಆದರೆ ಸಿನಿಮಾ ಯಂತ್ರದಲ್ಲಿ ಹೆಚ್ಚು ಜನ ಗಮನಿಸದ ಇನ್ನೊಂದು ಭಾಗವಿದೆ. ಒಂದು ಚಿತ್ರ ಸರಿದು ಇನ್ನೊಂದು ಬರುವ ಆ ಕ್ಷಣದಲ್ಲಿ ಶಟರ್ ಎಂಬ ತಿರುಗುವ ತಗಡು ಬೆಳಕನ್ನು ಮುಚ್ಚುತ್ತದೆ. ರೀಲು ಸ್ಥಿರವಾಗಿ ನಿಂತ ಮೇಲಷ್ಟೇ ಬೆಳಕು ಬಿಡುತ್ತದೆ. ಬರೀ 24 ಬಾರಿ ಬೆಳಕು ಬಂದರೆ ಕಣ್ಣಿಗೆ ಮಿಣುಕು ಕಾಣುವುದರಿಂದ ಪ್ರತಿ ಚಿತ್ರವನ್ನೂ ಎರಡು ಬಾರಿ ತೋರಿಸಿ 48 ಮಾಡಿದರು. ಶಟರ್ ಇಲ್ಲದಿದ್ದರೆ ಪರದೆಯ ಮೇಲೆ ಉದ್ದುದ್ದ ಬೆಳಕಿನ ಗೀರುಗಳು ಕಾಣುತ್ತಿದ್ದವು. ಚಿತ್ರವನ್ನು ಬದಲಾಯಿಸುತ್ತಿರುವಾಗ ಅದನ್ನು ತೋರಿಸಬಾರದು. ಮುಂದೆ ಕಂಪ್ಯೂಟರ್ ಜಗತ್ತು ಹಲವು ದಶಕ ಹೆಣಗಾಡಿ ಕಲಿತದ್ದೂ ಇದೇ ಪಾಠವನ್ನು.

ಜಾಲಹಳ್ಳಿಯ ಗಾಜು

ಭಾರತ್ ಎಲೆಕ್ಟ್ರಾನಿಕ್ಸ್ ಅಥವಾ ಬಿಇಎಲ್ 1954ರಲ್ಲಿ ಫ್ರಾನ್ಸಿನ ಸಿಎಸ್‌ಎಫ್ ಕಂಪೆನಿಯ ಸಹಯೋಗದೊಂದಿಗೆ ಆರಂಭವಾಯಿತು. ಸೈನ್ಯಕ್ಕೆ ಬೇಕಾದ ಸಂಪರ್ಕ ಉಪಕರಣಗಳನ್ನು ಇಲ್ಲೇ ತಯಾರಿಸಬೇಕೆಂಬುದು ಉದ್ದೇಶ. 1961ರಲ್ಲಿ ರೇಡಿಯೋ ವಾಲ್ವುಗಳು, 1966ರಲ್ಲಿ ರೇಡಾರ್, 1967ರಲ್ಲಿ ಸಿಲಿಕಾನ್ ಬಿಡಿಭಾಗಗಳು, ಹೀಗೆ ಕಾರ್ಖಾನೆ ಬೆಳೆಯಿತು. 1970ರಲ್ಲಿ ಕಪ್ಪು ಬಿಳುಪು ಟಿ.ವಿ.ಯ ಪಿಕ್ಚರ್ ಟ್ಯೂಬುಗಳ ತಯಾರಿ ಆರಂಭವಾಯಿತು. 1972ರಲ್ಲಿ ದೂರದರ್ಶನಕ್ಕೆ ಟ್ರಾನ್ಸ್‌ಮಿಟರುಗಳೂ ಇಲ್ಲಿಂದಲೇ ಹೋದವು.

ಟ್ಯೂಬಿನ ಕೆಲಸ ಸರಳ, ಆದರೆ ವೇಗ ಅಪಾರ. ಗಾಜಿನ ಕತ್ತಿನ ಭಾಗದಿಂದ ಎಲೆಕ್ಟ್ರಾನುಗಳ ಸಣ್ಣ ಧಾರೆ ಹೊರಡುತ್ತದೆ. ಮುಂಭಾಗದ ಒಳಮೈಗೆ ಬಳಿದ ರಾಸಾಯನಿಕಕ್ಕೆ ಅದು ತಾಗಿದಲ್ಲಿ ಬೆಳಕು ಮೂಡುತ್ತದೆ. ಕತ್ತಿನ ಸುತ್ತ ಸುತ್ತಿದ ತಂತಿಯ ಸುರುಳಿಗಳು ಆ ಧಾರೆಯನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಎಳೆಯುತ್ತವೆ. ನಾವು ಪುಸ್ತಕ ಓದುವ ಕ್ರಮದಲ್ಲೇ ಅದು ಚಿತ್ರವನ್ನು ಗೆರೆ ಗೆರೆಯಾಗಿ ಬರೆಯುತ್ತದೆ. ಭಾರತ ಆರಿಸಿಕೊಂಡ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಂದರೆ ಸೆಕೆಂಡಿಗೆ 15,625 ಗೆರೆಗಳು.

25 ಚಿತ್ರಗಳನ್ನು ಹಾಗೆಯೇ ತೋರಿಸಿದರೆ ಮಿಣುಕು ತಪ್ಪದು. ಹಾಗಾಗಿ ಪ್ರತಿ ಚಿತ್ರವನ್ನೂ ಎರಡು ಪಾಲು ಮಾಡಿ, ಮೊದಲು ಒಂದು ಬಿಟ್ಟು ಒಂದು ಗೆರೆ, ಆಮೇಲೆ ನಡುವೆ ಬಿಟ್ಟುಹೋದ ಗೆರೆಗಳನ್ನು ಬರೆದರು. ಕಣ್ಣಿಗೆ ಸೆಕೆಂಡಿಗೆ 50 ಬಾರಿ ಪರದೆ ತುಂಬಿದಂತೆ ಕಂಡಿತು. ಈ 50 ಎಂಬ ಸಂಖ್ಯೆ ಬಂದಿದ್ದು ನಮ್ಮ ಮನೆಯ ಕರೆಂಟಿನಿಂದ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಟಿ.ವಿ.ಯ ಲಯ ಅದಕ್ಕೆ ಹೊಂದದಿದ್ದರೆ ಚಿತ್ರದ ಮೇಲೆ ಪಟ್ಟೆಗಳು ತೇಲುತ್ತವೆ ಎಂಬ ಕಾರಣಕ್ಕೆ ಐವತ್ತು ಆವರ್ತನದ ದೇಶಗಳು 50ನ್ನೂ, ಅರವತ್ತರ ಅಮೆರಿಕ 60ನ್ನೂ ಹಿಡಿದವು.

ಒಂದು ಪಾಲು ಬರೆದು ಮುಗಿಸಿದ ಧಾರೆ ಕೆಳಗಿನ ಮೂಲೆಯಿಂದ ಮತ್ತೆ ಮೇಲಕ್ಕೆ ಹೋಗಬೇಕು. ಹೋಗುವಾಗ ಅದನ್ನು ಆರಿಸಿಬಿಡುತ್ತಾರೆ. ಹೀಗೆ ಮೇಲಕ್ಕೆ ಮರಳುವ ಈ ಬಿಡುವು ಸೆಕೆಂಡಿನ ಸಾವಿರದ ಒಂದೂವರೆ ಭಾಗಕ್ಕಿಂತ ಸ್ವಲ್ಪ ಹೆಚ್ಚು. ಸಿನಿಮಾದ ಶಟರ್ ಮಾಡುತ್ತಿದ್ದ ಕೆಲಸವನ್ನು ಟಿ.ವಿ.ಯಲ್ಲಿ ಈ ಬಿಡುವು ಮಾಡುತ್ತದೆ.

ಟಿ.ವಿ.ಯಲ್ಲಿ ಚಿತ್ರ ಹರಿಯುತ್ತಿರಲಿಲ್ಲ. ಏಕೆಂದರೆ ಕಳಿಸುವ ಟ್ರಾನ್ಸ್‌ಮಿಟರ್ ಮತ್ತು ಬರೆಯುವ ಟ್ಯೂಬು ಒಂದೇ ತಾಳಕ್ಕೆ ನಡೆಯುತ್ತಿದ್ದವು. ಪ್ರತಿ ಗೆರೆಯ ಆರಂಭಕ್ಕೂ, ಪ್ರತಿ ಚಿತ್ರದ ಆರಂಭಕ್ಕೂ ಟ್ರಾನ್ಸ್‌ಮಿಟರ್ ಒಂದು ಸಂಜ್ಞೆ ಕಳಿಸುತ್ತಿತ್ತು. ಆ ಸಂಜ್ಞೆಯನ್ನು ಹಿಡಿಯುವಲ್ಲಿ ಸೆಟ್ಟು ಎಡವಿದರೆ ಚಿತ್ರ ಮೇಲಕ್ಕೋ ಕೆಳಕ್ಕೋ ಉರುಳುತ್ತಿತ್ತು. ಆಗ ಹಿಂಬದಿಯ ಸಣ್ಣ ತಿರುಪನ್ನು ತಿರುಗಿಸಿ ಅದನ್ನು ನಿಲ್ಲಿಸುತ್ತಿದ್ದುದು ಎಂಬತ್ತರ ದಶಕದ ಹಲವರ ನೆನಪಿನಲ್ಲಿರಬಹುದು. ತಾಳ ಕೊಡುವ ಟ್ರಾನ್ಸ್‌ಮಿಟರು, ತಾಳಕ್ಕೆ ತಕ್ಕಂತೆ ಬರೆಯುವ ಟ್ಯೂಬು, ಎರಡನ್ನೂ ಒಂದೇ ಸಂಸ್ಥೆ ತಯಾರಿಸುತ್ತಿತ್ತು ಎಂಬುದು ಸಣ್ಣ ಮಾತಲ್ಲ.

ಕನ್ನಡದ ಟಿ.ವಿ. ಮೊದಲು ಬೆಳಗಿದ್ದು ಬೆಂಗಳೂರಿನಲ್ಲಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ನಡೆದ 'ಸೈಟ್' ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಟಿ.ವಿ. ಕಂಡವು. ಕರ್ನಾಟಕದ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ರಾಜಧಾನಿಗೆ ದೂರದರ್ಶನ ಬಂದಿದ್ದು 1981ರಲ್ಲಿ. ದೂರದರ್ಶನ ಕೇಂದ್ರ ಈಗಿರುವುದು ಆರ್.ಟಿ. ನಗರದ ನೆರೆಯ ಜೆ.ಸಿ. ನಗರದಲ್ಲಿ. 1982ರಲ್ಲಿ ದೇಶಕ್ಕೆ ಬಣ್ಣದ ಟಿ.ವಿ. ಬಂತು. ಭಾನುವಾರದ ಸಿನಿಮಾ ಮಾತ್ರ ಟಿ.ವಿ.ಯ ಲೆಕ್ಕಕ್ಕೆ ಹೊಂದಿಕೊಳ್ಳಬೇಕಿತ್ತು. 24ರ ರೀಲನ್ನು 25ರ ವೇಗದಲ್ಲಿ ಓಡಿಸಿದರೆ ಎರಡೂವರೆ ಗಂಟೆಯ ಚಿತ್ರ 144 ನಿಮಿಷದಲ್ಲಿ ಮುಗಿಯುತ್ತದೆ. ಆರು ನಿಮಿಷ ಕಡಿಮೆಯಾದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಒಂದೇ ಹಲಗೆಯ ತೊಂದರೆ

ಕಂಪ್ಯೂಟರಿನ ಪರದೆಯೂ ಮೊದಲಿಗೆ ಇದೇ ಟ್ಯೂಬು. ಆದರೆ ಇಲ್ಲಿ ಟ್ರಾನ್ಸ್‌ಮಿಟರ್ ಇಲ್ಲ. ಚಿತ್ರವನ್ನು ಕಂಪ್ಯೂಟರಿನ ಮೆಮೊರಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಬರೆದಿಡುತ್ತಾರೆ. ಪರದೆಯ ಯಂತ್ರ ಆ ಮೆಮೊರಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತಾ ಹೋಗುತ್ತದೆ. ಅಮೆರಿಕದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ರೂಪುಗೊಂಡ ಆಲ್ಟೊ ಕಂಪ್ಯೂಟರ್ ಮತ್ತು ಸೂಪರ್‌ಪೇಂಟ್ ಎಂಬ ಚಿತ್ರ ಬರೆಯುವ ವ್ಯವಸ್ಥೆ ಈ ದಾರಿಯನ್ನು ತೋರಿಸಿದವು.

ತೊಂದರೆ ಆರಂಭವಾಗುವುದು ಇಲ್ಲಿ. ಯಶವಂತಪುರ ರೈಲು ನಿಲ್ದಾಣದಲ್ಲಿ ರೈಲುಗಳ ಸಮಯ ಬರೆಯುವ ಒಂದು ಕಪ್ಪು ಹಲಗೆ ಇದೆಯೆಂದು ಭಾವಿಸೋಣ. ಗುಮಾಸ್ತ ಹಳೆಯದನ್ನು ಒರೆಸುತ್ತಾ ಹೊಸದನ್ನು ಬರೆಯುತ್ತಿದ್ದಾನೆ. ಪ್ರಯಾಣಿಕ ಅದೇ ಹೊತ್ತಿನಲ್ಲಿ ಮೇಲಿನಿಂದ ಕೆಳಕ್ಕೆ ಓದುತ್ತಿದ್ದಾನೆ. ಅವನ ಕಣ್ಣಿಗೆ ಮೇಲಿನ ಸಾಲುಗಳು ಇಂದಿನವು, ಕೆಳಗಿನವು ನಿನ್ನೆಯವು. ಇಬ್ಬರೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದಾರೆ, ಆದರೂ ಓದಿಗೆ ಸಿಕ್ಕಿದ್ದು ಎಂದೂ ಇಲ್ಲದ ಒಂದು ವೇಳಾಪಟ್ಟಿ. ಬರೆಯುವ ಪ್ರೊಸೆಸರಿಗೂ ಓದುವ ಪರದೆಗೂ ಬೇರೆ ಬೇರೆ ವೇಗವಿದ್ದು, ಹಲಗೆ ಮಾತ್ರ ಒಂದೇ ಆದಾಗ ಕಂಪ್ಯೂಟರಿನಲ್ಲಿ ಆಗುವುದೂ ಇದೇ. ಹರಿದ ಚಿತ್ರವೆಂದರೆ ಹಳೆಯ ಚಿತ್ರದ ಒಂದು ಭಾಗಕ್ಕೆ ಹೊಸ ಚಿತ್ರದ ಇನ್ನೊಂದು ಭಾಗ ಅಂಟಿಕೊಂಡದ್ದು.

1981ರ ಐಬಿಎಂ ಪಿ.ಸಿ.ಯ ಬಣ್ಣದ ಕಾರ್ಡಿನಲ್ಲಿ ಈ ತಿಕ್ಕಾಟ ಕಣ್ಣಿಗೇ ಕಾಣುತ್ತಿತ್ತು. ಪರದೆ ಓದುತ್ತಿರುವ ಹೊತ್ತಿಗೆ ಪ್ರೊಸೆಸರ್ ಬರೆಯಲು ಹೋದರೆ ಅಕ್ಷರಗಳ ನಡುವೆ ಬಿಳಿ ಚುಕ್ಕಿಗಳು ಹಿಮದಂತೆ ಉದುರುತ್ತಿದ್ದವು. ಅಂದಿನ ಪ್ರೋಗ್ರಾಮರುಗಳು ಕಂಡುಕೊಂಡ ಉಪಾಯವೆಂದರೆ ಕಾಯುವುದು. ಧಾರೆ ಮರಳುವ ಬಿಡುವು ಬಂತೇ ಎಂದು ಮತ್ತೆ ಮತ್ತೆ ಕೇಳಿ, ಬಂದೊಡನೆ ಅವಸರದಲ್ಲಿ ಬರೆದು ಮುಗಿಸುವುದು. ಆ ಬಿಡುವಿನಲ್ಲಿ ಮುಗಿಯದಷ್ಟು ಕೆಲಸವಿದ್ದರೆ ಈ ಉಪಾಯ ಸೋಲುತ್ತಿತ್ತು.

ಸರಿಯಾದ ಪರಿಹಾರ ಯಾರಿಗಾದರೂ ಹೊಳೆಯುವಂಥದ್ದೇ. ಎರಡು ಹಲಗೆ ಇಡಿ. ಜನ ಒಂದನ್ನು ಓದುತ್ತಿರಲಿ, ಇನ್ನೊಂದರ ಮೇಲೆ ಒಳಗೆ ಕುಳಿತು ಪೂರ್ತಿ ಬರೆಯಿರಿ, ಮುಗಿದ ಮೇಲೆ ಬಿಡುವಿನ ಹೊತ್ತಿನಲ್ಲಿ ಅದಲು ಬದಲು ಮಾಡಿ. ಕಂಪ್ಯೂಟರ್ ಭಾಷೆಯಲ್ಲಿ ಇದಕ್ಕೆ 'ಡಬಲ್ ಬಫರ್' ಎನ್ನುತ್ತಾರೆ. ನಾವು ಎರಡನೇ ಹಾಳೆ ಎನ್ನೋಣ. ಬಿಡುವಿನ ಹೊತ್ತಿಗೇ ಬದಲಾಯಿಸುವ ಕಟ್ಟುಪಾಡಿಗೆ 'ವಿ-ಸಿಂಕ್' ಎಂದು ಹೆಸರು. ಇಂದಿಗೂ ವಿಡಿಯೋ ಪ್ಲೇಯರುಗಳ ಮತ್ತು ಆಟಗಳ ಸೆಟ್ಟಿಂಗಿನಲ್ಲಿ ಈ ಪದ ಕಾಣಸಿಗುತ್ತದೆ.

ಉಪಾಯ ಸುಲಭವಿದ್ದರೂ ಅದು ಎಲ್ಲರಿಗೂ ಏಕೆ ಸಿಗಲಿಲ್ಲ? ಹಾಳೆಗೆ ಬೆಲೆಯಿತ್ತು. ಐಬಿಎಂನ ಆ ಬಣ್ಣದ ಕಾರ್ಡಿನಲ್ಲಿ ಇದ್ದದ್ದು 16 ಕಿಲೋಬೈಟ್ ಮೆಮೊರಿ. ಅಗಲಕ್ಕೆ 640, ಎತ್ತರಕ್ಕೆ 200 ಚುಕ್ಕಿಗಳ ಒಂದು ಚಿತ್ರಕ್ಕೇ 16,000 ಬೈಟು ಖರ್ಚಾಗುತ್ತಿತ್ತು. ಎರಡನೇ ಹಾಳೆಗೆ ಜಾಗವಿರಲಿಲ್ಲ. 1987ರಲ್ಲಿ ಬಂದ ವಿಜಿಎ ವ್ಯವಸ್ಥೆಯಲ್ಲಿ 256 ಕಿಲೋಬೈಟ್ ಇತ್ತು. ಹದಿನಾರು ಬಣ್ಣಗಳ 640 ಅಡ್ಡ 480 ಚುಕ್ಕಿಗಳ ಒಂದು ಚಿತ್ರಕ್ಕೆ 1,53,600 ಬೈಟು ಬೇಕು. ಎರಡಕ್ಕೆ 3,07,200. ಇದ್ದದ್ದು 2,62,144. ಮತ್ತೆ ಎರಡನೆಯದಕ್ಕೆ ಜಾಗ ಸಾಲಲಿಲ್ಲ. ಆಟಗಳನ್ನು ಬರೆಯುವವರು ನುಣುಪಿಗಾಗಿ ಚಿತ್ರದ ಗಾತ್ರವನ್ನೇ ಇಳಿಸಿ 320 ಅಡ್ಡ 200ಕ್ಕೆ ಬಂದರು. ಸ್ಪಷ್ಟತೆ ಬೇಕೋ ನುಣುಪು ಬೇಕೋ, ಎರಡರಲ್ಲಿ ಒಂದನ್ನು ಆರಿಸಬೇಕಿತ್ತು.

ಅಕ್ಷರವೇ ಚಿತ್ರವಾದಾಗ

ಇಂಗ್ಲಿಷಿನವರಿಗೆ ಈ ಆಯ್ಕೆಯ ಬಿಸಿ ಅಷ್ಟಾಗಿ ತಟ್ಟಲಿಲ್ಲ. ಅವರ ಬರವಣಿಗೆಗೆ ಚಿತ್ರದ ಹಂಗೇ ಇರಲಿಲ್ಲ. ಪಿ.ಸಿ.ಯಲ್ಲಿ ಅಕ್ಷರಗಳಿಗೆಂದೇ ಬೇರೆ ಪರದೆಯಿತ್ತು. 25 ಸಾಲು, ಸಾಲಿಗೆ 80 ಮನೆ, ಒಂದು ಮನೆಗೆ ಒಂದು ಅಕ್ಷರ. ಪ್ರೊಸೆಸರ್ ಅಕ್ಷರದ ಸಂಖ್ಯೆಯನ್ನು ಕೊಟ್ಟರೆ ಸಾಕು, ಅದರ ಆಕಾರವನ್ನು ಕಾರ್ಡೇ ಬರೆಯುತ್ತಿತ್ತು. ಇಡೀ ಪರದೆ 4,000 ಬೈಟಿನಲ್ಲಿ ಮುಗಿಯುತ್ತಿತ್ತು.

ಈ ಮನೆಗಳಲ್ಲಿ ಕನ್ನಡ ಹಿಡಿಸಲಿಲ್ಲ. ಬಣ್ಣದ ಕಾರ್ಡಿನಲ್ಲಿ ಒಂದು ಮನೆಯ ಗಾತ್ರ ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರ. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ತ ಒತ್ತು, ರ ಒತ್ತು ಬೇಕು. ಅಷ್ಟನ್ನೂ ಎಂಟು ಚುಕ್ಕಿಗಳಲ್ಲಿ ತುರುಕುವುದು ಹೇಗೆ? ಆದ್ದರಿಂದ ಕನ್ನಡ ಮೊದಲ ದಿನದಿಂದಲೂ ಕಂಪ್ಯೂಟರಿಗೆ ಚಿತ್ರವಾಗಿಯೇ ಬರಬೇಕಾಯಿತು. ಒಂದು ಅಕ್ಷರ ಒತ್ತಿದಾಗ ಹಿಂದಿನ ಅಕ್ಷರದ ಆಕಾರವೂ ಬದಲಾಗಬೇಕು, ಸಾಲು ಅಳಿದು ಮತ್ತೆ ಬರೆಯಬೇಕು. ಬೇರೆಯವರಿಗೆ ಆಟಕ್ಕೆ ಬೇಕಾಗಿದ್ದ ಎರಡನೇ ಹಾಳೆ ನಮಗೆ ಒಂದು ಅರ್ಜಿ ಬರೆಯಲೂ ಬೇಕಾಗಿತ್ತು. ಅದು ಇಲ್ಲದ ಯಂತ್ರಗಳಲ್ಲಿ ಬೆರಳಚ್ಚಿಸುವಾಗ ಸಾಲುಗಳು ಮಿಣುಕುತ್ತಿದ್ದವು, ಪುಟ ಸರಿಸಿದರೆ ಅರ್ಧ ಅರ್ಧವಾಗಿ ಬರುತ್ತಿತ್ತು.

ಐಐಟಿ ಕಾನ್ಪುರದಲ್ಲಿ ನಡೆದ ಸಂಶೋಧನೆಯಿಂದ ಬೆಳೆದು, ಪುಣೆಯ ಸಿ-ಡ್ಯಾಕ್ ಸಂಸ್ಥೆ ತಂದ 'ಜಿಸ್ಟ್' ಕಾರ್ಡ್ ಇದಕ್ಕೆ ಉತ್ತರವಾಗಿತ್ತು. ಪಿ.ಸಿ.ಯೊಳಗೆ ಸಿಕ್ಕಿಸಬೇಕಾದ ಈ ಕಾರ್ಡ್ ಭಾರತೀಯ ಲಿಪಿಗಳನ್ನು ಪರದೆಯ ಮೇಲೆ ಬರೆಯುವ ಹೊರೆಯನ್ನು ತಾನೇ ಹೊತ್ತುಕೊಂಡಿತು. ಇಂಗ್ಲಿಷಿಗೆ ಯಂತ್ರದ ಜೊತೆಯಲ್ಲೇ ಬರುತ್ತಿದ್ದ ಸೌಕರ್ಯಕ್ಕೆ ನಾವು ಬೇರೆ ಹಣ ತೆರಬೇಕಾಯಿತು ಎಂಬುದನ್ನು ಮರೆಯಬಾರದು. ಬಳಿಕ ಸಾಫ್ಟ್‌ವೇರಿನಿಂದಲೇ ಕೆಲಸವಾಗುವ ಕಾಲ ಬಂತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಸರಕಾರಿ ಕಚೇರಿಗಳನ್ನು ತಲುಪಿತು. 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಅಕ್ಷರಶೈಲಿಯೊಡನೆ ಕನ್ನಡವನ್ನು ಯಂತ್ರದ ಒಳಗೇ ತಂದಿತು.

ಉರ್ದುವಿನ ಪಾಡು ಇನ್ನೂ ಕಠಿಣವಾಗಿತ್ತು. ಸಾಲು ಇಳಿಜಾರಾಗಿ ಸಾಗುವ, ಪದದಲ್ಲಿರುವ ಸ್ಥಾನಕ್ಕೆ ತಕ್ಕಂತೆ ಅಕ್ಷರದ ರೂಪ ಬದಲಾಗುವ ನಸ್ತಲೀಕ್ ಬರಹಕ್ಕೆ ಯಾವ ಚೌಕದ ಮನೆಯೂ ಒಗ್ಗದು. 1981ರಲ್ಲಿ ಮಿರ್ಜಾ ಅಹ್ಮದ್ ಜಮೀಲ್ ರೂಪಿಸಿದ 'ನೂರಿ ನಸ್ತಲೀಕ್'ಗಾಗಿ ಸಾವಿರಾರು ಜೋಡಣೆಗಳನ್ನು ಕೈಯಲ್ಲೇ ಬರೆಯಬೇಕಾಯಿತು. 1994ರಲ್ಲಿ ಭಾರತದಲ್ಲೇ ತಯಾರಾದ 'ಇನ್‌ಪೇಜ್' ಅದನ್ನು ಸಾಮಾನ್ಯ ಪಿ.ಸಿ.ಗೆ ತಂದ ಮೇಲೆ ಉರ್ದು ಪತ್ರಿಕೆಗಳ ಕಚೇರಿಗಳಲ್ಲಿ ಕಾತಿಬರ ಲೇಖನಿಯ ಜಾಗಕ್ಕೆ ಕಂಪ್ಯೂಟರ್ ಬಂದು ಕುಳಿತಿತು. ಕನ್ನಡ ಮತ್ತು ಉರ್ದು, ಪರದೆಯ ಮಟ್ಟಿಗೆ ಒಂದೇ ದಾರಿಯ ಪ್ರಯಾಣಿಕರು.

ಒಬ್ಬೊಬ್ಬರಿಗೂ ಒಂದು ಹಾಳೆ

ವಿಂಡೋಸ್ 98 ಅಥವಾ ಎಕ್ಸ್‌ಪಿ ಬಳಸಿದವರಿಗೆ ಇನ್ನೊಂದು ದೃಶ್ಯ ನೆನಪಿರುತ್ತದೆ. ಒಂದು ಪ್ರೋಗ್ರಾಂ ಕೈಕೊಟ್ಟು ನಿಂತಾಗ ಅದರ ಮೇಲೆ ಇನ್ನೊಂದು ಕಿಟಕಿಯನ್ನು ಎಳೆದಾಡಿದರೆ ಆ ಕಿಟಕಿಯ ಹತ್ತಾರು ಪ್ರತಿಗಳು ಸಾಲಾಗಿ ಪರದೆಗೆ ಅಂಟಿಕೊಳ್ಳುತ್ತಿದ್ದವು. ಕಾರಣ ಮತ್ತದೇ. ಎಲ್ಲ ಪ್ರೋಗ್ರಾಮುಗಳೂ ಒಂದೇ ಹಾಳೆಯ ಮೇಲೆ ಬರೆಯುತ್ತಿದ್ದವು. ಮೇಲಿನ ಕಿಟಕಿ ಸರಿದಾಗ ಕೆಳಗಿನದು ಎದ್ದು ತನ್ನ ಜಾಗವನ್ನು ಮತ್ತೆ ಬರೆಯಬೇಕಿತ್ತು. ಅದು ಏಳದಿದ್ದರೆ ಹಳೆಯ ಗುರುತು ಹಾಗೇ ಉಳಿಯುತ್ತಿತ್ತು.

2001ರ ಆ್ಯಪಲ್ ಮ್ಯಾಕ್ ಓಎಸ್ ಟೆನ್ ಈ ಪದ್ಧತಿಯನ್ನು ಬದಲಿಸಿತು. ಪ್ರತಿ ಕಿಟಕಿಗೂ ಮರೆಯಲ್ಲಿ ಅದರದೇ ಹಾಳೆ. ಎಲ್ಲ ಹಾಳೆಗಳನ್ನೂ ಕ್ರಮವಾಗಿ ಜೋಡಿಸಿ ಪರದೆಗೆ ಕೊಡಲು ಒಬ್ಬ ಮೇಸ್ತ್ರಿಯಂಥ ಪ್ರೋಗ್ರಾಂ. 2007ರಲ್ಲಿ ವಿಂಡೋಸ್ ವಿಸ್ತಾ ಅದೇ ದಾರಿ ಹಿಡಿಯಿತು. ಆದರೆ ಅದರ ಪೂರ್ತಿ ಸೊಬಗಿಗೆ 1 ಜಿ.ಬಿ. ಮೆಮೊರಿಯೂ 128 ಎಂ.ಬಿ. ಗ್ರಾಫಿಕ್ಸ್ ಮೆಮೊರಿಯೂ ಬೇಕೆಂದು ಷರತ್ತಿತ್ತು. ನಮ್ಮಲ್ಲಿನ ಎಷ್ಟೋ ಸೈಬರ್ ಕೆಫೆಗಳ, ಡಿಟಿಪಿ ಅಂಗಡಿಗಳ ಯಂತ್ರಗಳು ಈ ಷರತ್ತಿನ ಹೊರಗೆ ಉಳಿದವು. 2012ರ ವಿಂಡೋಸ್ 8ರ ಹೊತ್ತಿಗೆ ಈ ಮೇಸ್ತ್ರಿ ಕಡ್ಡಾಯವಾದ.

ಲಿನಕ್ಸ್ ಜಗತ್ತು 1984ರಲ್ಲಿ ಹುಟ್ಟಿದ 'ಎಕ್ಸ್' ಎಂಬ ಹಳೆಯ ವ್ಯವಸ್ಥೆಯನ್ನು ನೆಚ್ಚಿಕೊಂಡಿತ್ತು. ಅದರಲ್ಲಿ ಚಿತ್ರ ಹರಿಯುವುದನ್ನು ಪೂರ್ತಿ ತಡೆಯುವುದು ಕಷ್ಟವಾಗಿತ್ತು. 2008ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಆರಂಭಿಸಿದ 'ವೇಲ್ಯಾಂಡ್' ಯೋಜನೆಯಲ್ಲಿ ಅರ್ಧ ಬರೆದ ಚಿತ್ರ ಪರದೆಗೆ ಹೋಗಲೇಬಾರದೆಂಬುದು ತಳಹದಿಯ ನಿಯಮವಾಯಿತು. ಇಂದು ಪ್ರಮುಖ ಲಿನಕ್ಸ್ ಆವೃತ್ತಿಗಳು ಇದನ್ನೇ ಬಳಸುತ್ತವೆ.

ಕಾಯುವುದಕ್ಕೂ ಬೆಲೆಯಿದೆ. ಸೆಕೆಂಡಿಗೆ 60 ಬಾರಿ ತುಂಬುವ ಪರದೆಗೆ ಒಂದು ಚಿತ್ರ ಸಿದ್ಧಪಡಿಸಲು ಸಿಗುವುದು ಸೆಕೆಂಡಿನ ಅರವತ್ತನೇ ಒಂದು ಪಾಲು. ಅದು ತಪ್ಪಿದರೆ ಮುಂದಿನ ಸರದಿಗೆ ಕಾಯಬೇಕು. ಸ್ವಲ್ಪವೇ ತಡಮಾಡುವ ಯಂತ್ರ ಪ್ರತಿ ಸಲವೂ ಒಂದು ಸರದಿ ಕಳೆದುಕೊಂಡು 60ರಿಂದ ನೇರವಾಗಿ 30ಕ್ಕೆ ಇಳಿಯುತ್ತದೆ. ಮೂರನೇ ಹಾಳೆಯೊಂದನ್ನು ಇಟ್ಟರೆ ಈ ನಷ್ಟ ಕಡಿಮೆಯಾಗುತ್ತದೆ. ಅದಕ್ಕೆ ಇನ್ನಷ್ಟು ಮೆಮೊರಿ ಬೇಕು. ಇಂದಿನ 1,920 ಅಡ್ಡ 1,080 ಚುಕ್ಕಿಗಳ ಒಂದು ಹಾಳೆಗೆ ಸುಮಾರು 83 ಲಕ್ಷ ಬೈಟು. 1987ರ ವಿಜಿಎ ಹಾಳೆಯ ಐವತ್ತು ಪಟ್ಟಿಗೂ ಹೆಚ್ಚು. ಮೆಮೊರಿ ಅಗ್ಗವಾದುದರಿಂದಲೇ ಇದು ಸಾಧ್ಯವಾಗಿದೆ.

ಟ್ಯೂಬು ಹೋಯಿತು, ತಾಳ ಉಳಿಯಿತು

ಎಲ್‌ಸಿಡಿ ಪರದೆಯಲ್ಲಿ ಓಡುವ ಧಾರೆಯೇ ಇಲ್ಲ. ಮೇಲಕ್ಕೆ ಮರಳುವ ಅಗತ್ಯವೂ ಇಲ್ಲ. ಆದರೂ ಎಚ್‌ಡಿಎಂಐ ತಂತಿಯಲ್ಲಿ ಸಾಗುವ ಚಿತ್ರ ಇಂದಿಗೂ ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿಯೇ ಹೋಗುತ್ತದೆ. 1,080 ಗೆರೆಗಳ ಚಿತ್ರಕ್ಕೆ ಒಟ್ಟು 1,125 ಗೆರೆಗಳ ಕಾಲ ಮೀಸಲಿದೆ. ಉಳಿದ 45 ಗೆರೆಗಳ ಹೊತ್ತು, ಇಲ್ಲದ ಧಾರೆಯೊಂದು ಮೇಲಕ್ಕೆ ಮರಳುವ ಬಿಡುವು. ಜಾಲಹಳ್ಳಿಯ ಟ್ಯೂಬುಗಳು ಗುಜರಿ ಸೇರಿದರೂ ಅವುಗಳ ಉಸಿರಾಟದ ಲಯ ನಮ್ಮ ಹೊಸ ಪರದೆಗಳಲ್ಲಿ ಉಳಿದುಕೊಂಡಿದೆ.

ಇನ್ನೊಂದು ಪಳೆಯುಳಿಕೆ ನಮಗೆ ನೇರವಾಗಿ ತಟ್ಟುತ್ತದೆ. ನಮ್ಮ ಟಿ.ವಿ. ಈಗಲೂ 25 ಮತ್ತು 50ರ ಲೆಕ್ಕದಲ್ಲಿದೆ. ಕಂಪ್ಯೂಟರ್ ಮಾನಿಟರು ಮಾತ್ರ ಅಮೆರಿಕದ 60ರ ಲೆಕ್ಕದಲ್ಲಿ ಬಂದಿದೆ. 25ರ ವಿಡಿಯೋವನ್ನು 60ರ ಪರದೆಯಲ್ಲಿ ತೋರಿಸುವಾಗ ಐದು ಚಿತ್ರಗಳನ್ನು ಹನ್ನೆರಡು ಸರದಿಗಳಿಗೆ ಹಂಚಬೇಕು. ಕೆಲವು ಚಿತ್ರ ಎರಡು ಸರದಿ ನಿಲ್ಲುತ್ತವೆ, ಕೆಲವು ಮೂರು. ಚಿತ್ರ ಹರಿಯುವುದಿಲ್ಲ, ಆದರೆ ಕುಂಟುತ್ತದೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವ ದೃಶ್ಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮಾನಿಟರಿನಲ್ಲಿ 50ರ ಆಯ್ಕೆಯಿದ್ದರೆ ಅದನ್ನು ಆರಿಸಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. 2013ರಲ್ಲಿ ಎನ್‌ವಿಡಿಯಾ ಕಂಪೆನಿಯ 'ಜಿ-ಸಿಂಕ್', 2014ರಲ್ಲಿ ಎಲ್ಲ ಕಂಪೆನಿಗಳಿಗೂ ತೆರೆದ 'ಅಡಾಪ್ಟಿವ್ ಸಿಂಕ್' ಬಂದ ಮೇಲೆ ಈ ಸಂಬಂಧವೇ ತಿರುಗುಮುರುಗಾಯಿತು. ಅಲ್ಲಿಯ ತನಕ ಬರೆಯುವವನು ಪರದೆಗಾಗಿ ಕಾಯುತ್ತಿದ್ದ. ಈಗ ಚಿತ್ರ ಸಿದ್ಧವಾಗುವ ತನಕ ಪರದೆಯೇ ಕಾಯುತ್ತದೆ. ಆದರೆ ಈ ಸೌಲಭ್ಯವುಳ್ಳ ಮಾನಿಟರು ಎಲ್ಲರ ಮೇಜಿನ ಮೇಲಿಲ್ಲ.

ಉಳಿದ ಲೆಕ್ಕ

ಪರದೆಯ ಬಗೆಗಿನ ಜಾಲಹಳ್ಳಿಯ ತಿಳಿವಳಿಕೆ ಟ್ಯೂಬಿನೊಂದಿಗೇ ಮುಗಿಯಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ರೂಪಿಸಿದ, ಬಡವರಿಗೂ ಎಟುಕಬೇಕೆಂಬ ಆಸೆಯ 'ಸಿಂಪ್ಯೂಟರ್' 2004ರಲ್ಲಿ 'ಅಮಿಡಾ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಾಗ ಅದನ್ನು ತಯಾರಿಸಿದ್ದು ಬಿಇಎಲ್. ಕೈಯಲ್ಲಿ ಹಿಡಿದು ಅಲುಗಿಸಿದರೆ ಅದನ್ನು ಗುರುತಿಸುವ ಸಾಧನ ಅದರಲ್ಲಿತ್ತು. ಸ್ಮಾರ್ಟ್‌ಫೋನುಗಳು ಬರುವ ಮುಂಚಿನ ಮಾತಿದು. ಆದರೆ ಅದು ಎಣಿಸಿದಷ್ಟು ಮಾರಾಟವಾಗಲಿಲ್ಲ. ಇಂದು ಗ್ರಾಫಿಕ್ಸ್ ಚಿಪ್ಪುಗಳ ದೊಡ್ಡ ಕಂಪೆನಿಗಳಾದ ಇಂಟೆಲ್, ಎಎಂಡಿ, ಎನ್‌ವಿಡಿಯಾ ಮೂರಕ್ಕೂ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ. ಪರದೆ ಮಾತ್ರ ಬಹುಪಾಲು ಹೊರದೇಶದಿಂದ ಬರುತ್ತದೆ.

ಟ್ಯೂಬುಗಳೇನಾದವು? ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸವಿದೆ. ಎಕ್ಸ್‌ರೇ ಹೊರಗೆ ಬಾರದಂತೆ ತಡೆಯಲು ಬೆರೆಸಿದ ಸೀಸ ಅದು. ನೋಡುವವರನ್ನು ಕಾಪಾಡಿದ ಆ ಸೀಸ ಒಡೆಯುವವರಿಗೆ ವಿಷ. ಬೆಂಗಳೂರಿನ ಗೋರಿಪಾಳ್ಯ, ನಾಯಂಡಹಳ್ಳಿಯಂಥ ಕಡೆ ಸಣ್ಣ ಗುಜರಿ ಅಂಗಡಿಗಳಲ್ಲಿ ಹಳೆಯ ಕಂಪ್ಯೂಟರುಗಳನ್ನು ಬಿಚ್ಚುವ ಕೆಲಸ ನಡೆದು ಬಂದಿದೆ. ತಾಮ್ರಕ್ಕಾಗಿ ಸುರುಳಿ ಬಿಚ್ಚಿ, ಗಾಜು ಒಡೆದು ಬದುಕುವ ಬಡ ಕುಟುಂಬಗಳ ಮಕ್ಕಳೂ ಆ ಧೂಳನ್ನು ಉಸಿರಾಡಿದ್ದಾರೆ. ಇ-ತ್ಯಾಜ್ಯದ ನಿಯಮಗಳು ದೇಶದಲ್ಲಿ ಜಾರಿಗೆ ಬಂದದ್ದು 2012ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಟ್ಯೂಬಿನ ಯುಗವೇ ಮುಗಿಯುತ್ತ ಬಂದಿತ್ತು. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿದೆ, ಹೊಸ ಆವೃತ್ತಿ ಹಳೆಯ ಯಂತ್ರಗಳನ್ನು ಒಪ್ಪುತ್ತಿಲ್ಲ. ಮತ್ತೊಂದು ರಾಶಿ ಅದೇ ಗಲ್ಲಿಗಳತ್ತ ಹೊರಟಿದೆ.

ಪರದೆಯ ಚರಿತ್ರೆಯೆಂದರೆ ಇಷ್ಟೂ ಸೇರಿದ್ದು. ಅರ್ಧ ಮುಗಿದುದನ್ನು ತೋರಿಸದೆ ಪೂರ್ಣಗೊಳಿಸಿ ತೋರಿಸುವ ಸೌಕರ್ಯ ಒಂದು ಕಾಲಕ್ಕೆ ಹಣವುಳ್ಳ ಯಂತ್ರಕ್ಕೆ, ಸುಲಭ ಲಿಪಿಯ ಭಾಷೆಗೆ ಮಾತ್ರ ಸಿಕ್ಕಿತ್ತು. ಉಳಿದವರು ಒಂದೇ ಹಾಳೆಯಲ್ಲಿ ಒರೆಸುತ್ತ ಬರೆಯುತ್ತ ದಿನ ದೂಡಿದರು. ಈಗ ನಮ್ಮ ಭಾಷೆಗೂ ಎರಡನೇ ಹಾಳೆ ಸಿಕ್ಕಿದೆ. ಕನ್ನಡ ಪರದೆಯ ಮೇಲೆ ಮಿಣುಕದೆ ಹರಿಯದೆ ಓಡುತ್ತದೆ. ಅದು ಹೇಗೆ ಸಿಕ್ಕಿತೆಂದು ತಿಳಿದವರು ಮಾತ್ರ ಕಡಿಮೆಯಾಗುತ್ತಿದ್ದಾರೆ. 1970ರಲ್ಲಿ ಇಪ್ಪತ್ತರ ಹರೆಯದಲ್ಲಿ ಪಿಕ್ಚರ್ ಟ್ಯೂಬಿನ ಕೆಲಸಕ್ಕೆ ಸೇರಿದವರಿಗೆ ಈಗ ಎಪ್ಪತ್ತೈದು ದಾಟಿದೆ. ಜಾಲಹಳ್ಳಿ, ಯಶವಂತಪುರ, ಯಲಹಂಕದ ಮನೆಗಳಲ್ಲಿ ಅಂಥವರು ಇನ್ನೂ ಇದ್ದಾರೆ. ಹತ್ತಿರದ ಕಾಲೇಜುಗಳ ವಿದ್ಯಾರ್ಥಿಗಳು ಕಾಗದ ಪೆನ್ನು ಹಿಡಿದು ಅವರ ಮುಂದೆ ಒಂದು ಸಂಜೆ ಕುಳಿತರೂ ಸಾಕು, ಎಲ್ಲೂ ಅಚ್ಚಾಗದ ಒಂದು ಚರಿತ್ರೆ ದಾಖಲಾಗುತ್ತದೆ. ಗೋರಿಪಾಳ್ಯದಲ್ಲಿ ಆ ಗಾಜು ಒಡೆದವರ ಬಳಿಯೂ ಹೋಗಬೇಕು. ತಡಮಾಡಿದರೆ ನಮಗೆ ಸಿಗುವುದು ಅರ್ಧ ಚಿತ್ರ ಮಾತ್ರ.